ಮಾಯಾಲಾಂದ್ರ ಬಂತು, ಬನ್ನಿ!

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಇವತ್ತು ಸಂಜೆ ಕಾಫಿ ಲೋಟ ಕೈಗೆ ಕೊಡುವಾಗ ಒಂದು ಮಾತು ಕೇಳಿ ನೋಡಿ: "ಜಾತ್ರೆಯಲ್ಲಿ ಬಯಾಸ್ಕೋಪ್ ಪೆಟ್ಟಿಗೆ ನೋಡಿದ್ದು ನೆನಪಿದೆಯೇ?" ಓದುತ್ತಿದ್ದ ಪೇಪರು ಪಕ್ಕಕ್ಕೆ ಹೋಗುತ್ತದೆ. ಬಣ್ಣದ ಕಾಗದ ಅಂಟಿಸಿದ ತಗಡಿನ ಪೆಟ್ಟಿಗೆ, ಮುಂದುಗಡೆ ಸಾಲಾಗಿ ಗುಂಡನೆಯ ತೂತುಗಳು, ಒಂದೊಂದಕ್ಕೂ ಒಂದೊಂದು ಮುಚ್ಚಳ. ಕಾಸು ಕೈಗೆ ಬಿದ್ದ ಮೇಲೆ ಮುಚ್ಚಳ ತೆಗೆಯುತ್ತಿದ್ದ. ಮಂಡಿಯೂರಿ ಕಣ್ಣಿಟ್ಟರೆ ಒಳಗೆ ತಾಜಮಹಲು, ಕುತುಬ್ ಮಿನಾರ್, ಬೊಂಬಾಯಿ ಶಹರ, ದೇವರ ಪಟ, ಸಿನಿಮಾ ನಟಿಯರು. ಪೆಟ್ಟಿಗೆಯವನು ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತ ರಾಗವಾಗಿ ಹೇಳುತ್ತ ಹೋಗುತ್ತಿದ್ದ. ಎರಡೇ ನಿಮಿಷ. ಮುಚ್ಚಳ ಬಿತ್ತು, ಏಳಬೇಕು, ಹಿಂದಿನವರು ನೂಕುತ್ತಿದ್ದಾರೆ!

"ಇಷ್ಟೇನಾ?" ಅಂತ ಇವತ್ತಿನ ಮಕ್ಕಳು ನಕ್ಕಾರು. ನಗಲಿ ಬಿಡಿ. ಆ ಎರಡು ನಿಮಿಷಕ್ಕಾಗಿ ವರ್ಷವಿಡೀ ಕಾದವರಿದ್ದರು. ಅದರಲ್ಲೂ ಹೆಂಗಸರು, ಮಕ್ಕಳು. ನಾಟಕಕ್ಕೆ ಹೋಗಬೇಕೆಂದರೆ ಮನೆಯಲ್ಲಿ ಅಪ್ಪಣೆ ಬೇಕು, ರಾತ್ರಿ ಎದ್ದಿರಬೇಕು, ಜೊತೆಗೆ ಗಂಡಸರು ಬರಬೇಕು. ಪೆಟ್ಟಿಗೆಯಾದರೋ ತಾನೇ ಬೀದಿಗೆ ಬರುತ್ತಿತ್ತು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹಾಗೇ ಹೋಗಿ ಇಣುಕಿ, ಒಲೆಯ ಮೇಲಿನ ಸಾರು ಉಕ್ಕುವುದರೊಳಗೆ ಮನೆಗೆ ವಾಪಸಾಗಬಹುದಿತ್ತು.

ಈ ಪೆಟ್ಟಿಗೆ ನಮ್ಮ ಜಾತ್ರೆಗಳಿಗೆ ಬರುವ ಮೊದಲು ಬಹಳ ದೂರ ನಡೆದಿದೆ. ಅದಕ್ಕೊಬ್ಬ ಅಣ್ಣನೂ ಇದ್ದಾನೆ, ಅವನೇ ಮಾಯಾಲಾಂದ್ರ. ಇಂಗ್ಲಿಷಿನವರು ಮ್ಯಾಜಿಕ್ ಲ್ಯಾಂಟರ್ನ್ ಅಂದದ್ದು ಇದನ್ನೇ. ಎರಡಕ್ಕೂ ಇರುವ ವ್ಯತ್ಯಾಸ ಸುಲಭ: ಪೆಟ್ಟಿಗೆಯಲ್ಲಾದರೆ ಚಿತ್ರ ಒಳಗಿರುತ್ತದೆ, ನಾವು ಹೋಗಿ ಕಣ್ಣಿಡಬೇಕು, ಲಾಂದ್ರದಲ್ಲಿ ಚಿತ್ರವೇ ಹೊರಗೆ ಬಂದು ಗೋಡೆಯ ಮೇಲೆ ಕೂರುತ್ತದೆ.

ವೆನಿಸ್ಸಿನ ಹೊಸ ಲೋಕ

ಇಟಲಿಯ ವೆನಿಸ್ ಪಟ್ಟಣದಲ್ಲಿ ಇಣುಕುಪೆಟ್ಟಿಗೆಗೆ 'ಮೊಂದೊ ನುವೊವೊ' ಎಂದು ಹೆಸರು. ಹಾಗೆಂದರೆ ಹೊಸ ಲೋಕ. ಎಷ್ಟು ಚೆನ್ನಾದ ಹೆಸರು ನೋಡಿ! ಅಲ್ಲಿ ಜಾನ್‌ದೊಮೆನಿಕೊ ತಿಯೆಪೊಲೊ ಎಂಬ ಚಿತ್ರಕಾರ 1791ರಲ್ಲಿ ತನ್ನ ಹಳ್ಳಿಮನೆಯ ಗೋಡೆಯ ಮೇಲೆ ಈ ಪೆಟ್ಟಿಗೆಯ ಮುಂದೆ ನೆರೆದ ಜನರ ದೊಡ್ಡ ಚಿತ್ರವೊಂದನ್ನು ಬರೆದ. ಈಗ ಅದು ವೆನಿಸ್ಸಿನ ಕಾ ರೆಜ್ಜೋನಿಕೊ ಮ್ಯೂಸಿಯಮ್ಮಿನಲ್ಲಿದೆ. ಚಿತ್ರದಲ್ಲಿ ಒಂದು ದೊಡ್ಡ ಗುಂಪು. ಹೆಂಗಸರು, ಗಂಡಸರು, ಮಕ್ಕಳು, ಶ್ರೀಮಂತರು, ಬಡವರು. ಹೆಚ್ಚುಕಡಿಮೆ ಎಲ್ಲರೂ ನಮಗೆ ಬೆನ್ನು ಹಾಕಿ ನಿಂತಿದ್ದಾರೆ! ಸ್ಟೂಲಿನ ಮೇಲೆ ಹತ್ತಿ ನಿಂತ ಒಬ್ಬ ಉದ್ದನೆಯ ಕೋಲು ಹಿಡಿದಿದ್ದಾನೆ. ಪೆಟ್ಟಿಗೆಯೊಳಗೆ ಏನಿದೆ ಎಂಬುದು ನಮಗೆ ಕಾಣುವುದೇ ಇಲ್ಲ. ಜಾತ್ರೆಯಲ್ಲಿ ಹಿಂದಿನ ಸಾಲಿನಲ್ಲಿ ಸಿಕ್ಕಿಕೊಂಡವರ ಅವಸ್ಥೆ ಗೊತ್ತಿದ್ದವನೇ ಬರೆದ ಚಿತ್ರ ಅದು.

ಒಳಗೆ ಏನಿರುತ್ತಿತ್ತು ಎಂಬುದು ಬೇರೆ ಕಡೆಯಿಂದ ಗೊತ್ತಾಗಿದೆ. ಈ ಪೆಟ್ಟಿಗೆಗಳಿಗಾಗಿಯೇ ಪ್ಯಾರಿಸ್, ಲಂಡನ್, ಜರ್ಮನಿಯ ಆಗ್ಸ್‌ಬರ್ಗ್, ಇಟಲಿಯ ಬಸ್ಸಾನೊ ಪಟ್ಟಣಗಳಲ್ಲಿ ವಿಶೇಷ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದರು. ಅರಮನೆ, ಬಂದರು, ರಾಜಬೀದಿ, ಉದ್ಯಾನ, ಎಲ್ಲೋ ಆದ ಭೂಕಂಪ, ಬೆಂಕಿ ಅನಾಹುತ. ಅಚ್ಚಾದ ಮೇಲೆ ಬಣ್ಣ ಕೈಯಿಂದ. ಬೀದಿಯ ಎರಡೂ ಬದಿಯ ಗೆರೆಗಳು ದೂರದಲ್ಲಿ ಒಂದು ಬಿಂದುವಿನ ಕಡೆಗೆ ಓಡುವಂತೆ ಬೇಕೆಂದೇ ಜಾಸ್ತಿ ಮಾಡಿ ಎಳೆದಿರುತ್ತಿದ್ದರು. ಬರಿಗಣ್ಣಿಗೆ ಅದು ಸ್ವಲ್ಪ ವಿಕಾರವೇ. ಆದರೆ ದಪ್ಪ ಮಸೂರದ ಗಾಜಿನಿಂದ ನೋಡಿದರೆ ಚಪ್ಪಟೆ ಕಾಗದ ಆಳವಾಗಿಬಿಡುತ್ತದೆ, ನಡೆದುಕೊಂಡು ಹೋಗಬಹುದು ಅನ್ನಿಸುತ್ತದೆ. ಕೆಲವು ಚಿತ್ರಗಳ ತಲೆಬರಹ ಉಲ್ಟಾ ಅಚ್ಚಾಗಿರುವುದುಂಟು. ಅಚ್ಚಿನವರ ತಪ್ಪಲ್ಲ ಅದು. ಕನ್ನಡಿಯಲ್ಲಿ ಪ್ರತಿಫಲಿಸಿ ನೋಡುವ ಯಂತ್ರವೂ ಇತ್ತು, ಅದರಲ್ಲಿ ನೋಡಿದರೆ ಅಕ್ಷರ ನೆಟ್ಟಗಾಗುತ್ತಿತ್ತು.

ಎಲ್ಲಕ್ಕಿಂತ ಸೊಗಸು ಎಂದರೆ ಹಗಲನ್ನು ರಾತ್ರಿ ಮಾಡುವ ಉಪಾಯ. ಚಿತ್ರದಲ್ಲಿ ಕಿಟಕಿ, ದೀಪ, ನಕ್ಷತ್ರ ಇರುವ ಕಡೆಯೆಲ್ಲ ಸೂಜಿಯಿಂದ ಚುಚ್ಚಿ, ಹಿಂದೆ ತೆಳುವಾದ ಬಣ್ಣದ ಕಾಗದ ಅಂಟಿಸುತ್ತಿದ್ದರು. ಪೆಟ್ಟಿಗೆಯ ಮೇಲಿನ ಮುಚ್ಚಳ ತೆರೆದರೆ ಬೆಳಕು ಚಿತ್ರದ ಮುಂದೆ ಬೀಳುತ್ತದೆ, ಆಗ ಹಗಲು. ಅದನ್ನು ಮೆಲ್ಲಗೆ ಮುಚ್ಚಿ ಹಿಂದಿನಿಂದ ದೀಪ ತೋರಿಸಿದರೆ ಆಕಾಶ ಕಪ್ಪಾಗಿ ಅರಮನೆಯ ಕಿಟಕಿಗಳೆಲ್ಲ ಒಂದೇ ಸಲ ಬೆಳಗುತ್ತವೆ. ಇದನ್ನು ಮನೆಯಲ್ಲೇ ಮಾಡುವ ಬಗೆಯನ್ನು ಕೊನೆಯಲ್ಲಿ ಹೇಳಿದ್ದೇನೆ.

ನಾಚಿಕೊಂಡ ವಿಜ್ಞಾನಿ

ಈಗ ಅಣ್ಣನ ಕಥೆ. ಮಾಯಾಲಾಂದ್ರದ ರಚನೆ ಏನೂ ಕಷ್ಟದ್ದಲ್ಲ. ಒಂದು ತಗಡಿನ ಗೂಡು, ಒಳಗೆ ದೀಪ, ಅದರ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಹೊಳಪಿನ ತಟ್ಟೆ, ಮುಂದೆ ಮಸೂರ, ನಡುವೆ ಗಾಜಿನ ಮೇಲೆ ಬರೆದ ಚಿತ್ರ. ಚಿತ್ರವನ್ನು ತಲೆಕೆಳಗಾಗಿ ಇಡಬೇಕು, ಆಗ ಗೋಡೆಯ ಮೇಲೆ ನೆಟ್ಟಗೆ ಬೀಳುತ್ತದೆ. ಹೊಗೆ ಹೋಗಲು ಮೇಲೊಂದು ಕೊಳವೆ.

ಇದನ್ನು ಮೊದಲು ರೂಪಿಸಿದವನೆಂದು ಹೆಸರಾದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್. ಸಾಮಾನ್ಯನಲ್ಲ, ಶನಿಗ್ರಹದ ಚಂದ್ರನನ್ನು ಕಂಡುಹಿಡಿದವನು, ಲೋಲಕದ ಗಡಿಯಾರ ಮಾಡಿದವನು. 1659ರಲ್ಲಿ ಲಾಂದ್ರಕ್ಕೆಂದು ಅವನು ಬರೆದ ಪುಟ್ಟ ಚಿತ್ರಗಳು ಈಗಲೂ ಉಳಿದಿವೆ: ಒಂದು ಅಸ್ಥಿಪಂಜರ ತನ್ನ ತಲೆಬುರುಡೆಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿಯುತ್ತದೆ, ಮತ್ತೆ ಇಟ್ಟುಕೊಳ್ಳುತ್ತದೆ! ಆದರೆ ಈ ಆಟಿಕೆಯ ವಿಷಯದಲ್ಲಿ ಅವನಿಗೆ ಬಹಳ ಸಂಕೋಚ. 1662ರಲ್ಲಿ ಅವನ ತಂದೆ, "ಒಂದು ಲಾಂದ್ರ ಕಳಿಸು, ಫ್ರಾನ್ಸಿನ ಅರಮನೆಯಲ್ಲಿ ತೋರಿಸುತ್ತೇನೆ" ಎಂದು ಪತ್ರ ಹಾಕಿದರು. ಅಪ್ಪನಿಗೆ ಇಲ್ಲವೆನ್ನಲು ಆಗುತ್ತದೆಯೇ? ಮಗ ಲಾಂದ್ರವನ್ನೇನೋ ಕಳಿಸಲು ಒಪ್ಪಿದ, ಆದರೆ ಪ್ಯಾರಿಸ್ಸಿನಲ್ಲಿದ್ದ ತಮ್ಮನಿಗೆ ಗುಟ್ಟಾಗಿ ಬೇರೆ ಕಾಗದ ಬರೆದ. ಲಾಂದ್ರ ಬಂದಾಗ ಅದರೊಳಗಿನ ಒಂದು ಮಸೂರ ತೆಗೆದುಬಿಡು, ಕೆಲಸ ಮಾಡದಿರಲಿ ಎಂದು. ಇಂಥ ಹಗುರದ ಆಟ ನಮ್ಮ ಮನೆಯಿಂದ ಹೊರಟಿತು ಅಂತಾದರೆ ಮನೆತನದ ಮರ್ಯಾದೆ ಏನಾಗಬೇಕು ಎಂಬ ಚಿಂತೆ. ದೊಡ್ಡ ಮನುಷ್ಯರ ಸಣ್ಣ ಸಂಕಟಗಳು!

ಅವನು ಬೇಡವೆಂದು ತಳ್ಳಿದ್ದನ್ನು ಹೊಟ್ಟೆಗಿಲ್ಲದವರು ಬೆನ್ನಿಗೆ ಕಟ್ಟಿಕೊಂಡರು.

ಬೆನ್ನ ಮೇಲೆ ಲಾಂದ್ರ, ಹೊಟ್ಟೆಯಲ್ಲಿ ಹಸಿವು

ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಬೆಟ್ಟಗಳಲ್ಲಿ ಸವಾಯ್ ಎಂಬ ಸೀಮೆ ಇದೆ. ಚಳಿಗಾಲ ಬಂತೆಂದರೆ ಹೊಲವೆಲ್ಲ ಹಿಮದಡಿ. ಮನೆಯಲ್ಲಿ ತಿನ್ನುವ ಬಾಯಿ ಜಾಸ್ತಿ, ಕಾಳು ಕಡಿಮೆ. ಆದ್ದರಿಂದ ಗಂಡಸರು, ಹುಡುಗರು ಊರು ಬಿಟ್ಟು ಪಟ್ಟಣಗಳ ಕಡೆ ಇಳಿಯುತ್ತಿದ್ದರು. ಏಳೆಂಟು ವರ್ಷದ ಹುಡುಗರು ಮನೆಗಳ ಹೊಗೆಗೂಡಿನೊಳಗೆ ತೂರಿ ಮಸಿ ಕೆರೆಯುವ ಕೆಲಸಕ್ಕೆ. ಕೆಲವರು ಪಳಗಿಸಿದ ಬೆಟ್ಟದ ಅಳಿಲನ್ನು ಕುಣಿಸುತ್ತಿದ್ದರು. ಇನ್ನು ಕೆಲವರು ಬೆನ್ನಿಗೆ ಮಾಯಾಲಾಂದ್ರ ಕಟ್ಟಿಕೊಂಡು, ಹಿಡಿ ತಿರುಗಿಸುವ ತಂತಿವಾದ್ಯ ನುಡಿಸುತ್ತ, ಕತ್ತಲಾದ ಮೇಲೆ ಪ್ಯಾರಿಸ್ಸಿನ ಬೀದಿಗಳಲ್ಲಿ ಕೂಗುತ್ತ ಹೋಗುವರು. ಹೆಂಗಸರೂ ಈ ತಿರುಗಾಟದಲ್ಲಿ ಇದ್ದರು. ಬೆನ್ನಿಗೆ ಲಾಂದ್ರ, ಪಕ್ಕದಲ್ಲಿ ಮಗು ಇರುವ ಬೀದಿ ಹೆಂಗಸರ ಚಿತ್ರಗಳನ್ನು ಆ ಕಾಲದವರು ಬರೆದಿಟ್ಟಿದ್ದಾರೆ.

ಮಹಡಿಯ ಕಿಟಕಿಯಿಂದ ಯಾರಾದರೂ ಕರೆದರೆ ಸರಿ, ಆ ರಾತ್ರಿಯ ಊಟಕ್ಕೆ ದಾರಿ. ಊಟ ಮುಗಿಸಿದ ಮನೆಯವರು ಮೇಜು ಸರಿಸಿ, ಗೋಡೆಗೆ ಬಿಳಿ ದುಪ್ಪಟಿ ಕಟ್ಟುತ್ತಿದ್ದರು. ಮನೆಯೊಡತಿ, ಮಕ್ಕಳು, ಅಡಿಗೆಯವಳು, ಕೆಲಸದ ಹುಡುಗಿ, ಎಲ್ಲರೂ ಕತ್ತಲಲ್ಲಿ ಒಟ್ಟಿಗೆ ಕೂರುವ ಅಪರೂಪದ ಹೊತ್ತು. ಸೂರ್ಯ, ಚಂದ್ರ, ಬೈಬಲಿನ ಕಥೆ, ಹಾಸ್ಯದ ಮುಖಗಳು. ದೀಪವೋ ಎಣ್ಣೆದೀಪ, ಇಲ್ಲವೇ ಮೇಣದ ಬತ್ತಿ. ಎಷ್ಟು ಬೆಳಕು ಬಂದೀತು, ನೀವೇ ಯೋಚಿಸಿ. ಗೋಡೆಯ ಮೇಲೆ ಮಸುಕುಮಸುಕಾಗಿ ಒಂದು ಬಣ್ಣದ ಬಿಲ್ಲೆ, ಅಷ್ಟೆ. ಉಳಿದದ್ದನ್ನೆಲ್ಲ ತುಂಬಬೇಕಾದವನು ಮಾತಾಡುವವನು. ಚಿತ್ರ ಒಂದಾಣೆಯಾದರೆ ಮಾತು ಹದಿನೈದಾಣೆ.

ಬರೀ ಮಾತೇ ಸಾಲದು ಅನ್ನುವುದಕ್ಕೂ ಒಂದು ಕಥೆಯಿದೆ. ಫ್ಲೋರಿಯಾನ್ ಎಂಬ ಫ್ರೆಂಚ್ ಕವಿಯ ನೀತಿಕಥೆಗಳ ಪುಸ್ತಕ 1792ರಲ್ಲಿ ಬಂತು. ಅದರಲ್ಲೊಂದು ಕೋತಿ, ಯಜಮಾನ ಇಲ್ಲದಾಗ ಊರಿನ ಪ್ರಾಣಿಗಳನ್ನೆಲ್ಲ ಸೇರಿಸಿ ಮಾಯಾಲಾಂದ್ರ ತೋರಿಸುತ್ತದೆ. ಗಾಜಿನ ಮೇಲೆ ಗಾಜು ಹಾಕುತ್ತ ಭಾಷಣವೋ ಭಾಷಣ. ಬೆಕ್ಕು, ನಾಯಿ, ಕೋಳಿ ಎಲ್ಲ ಕಣ್ಣು ಕಿರಿದು ಮಾಡಿ ನೋಡಿದರೂ ಗೋಡೆ ಕಪ್ಪಗೇ ಇದೆ. ಕೋತಿಯಣ್ಣ ಒಂದನ್ನು ಮರೆತಿದ್ದ, ದೀಪ ಹಚ್ಚುವುದನ್ನು!

ಅದೇ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಲಾಂದ್ರ ಇನ್ನೊಂದು ವೇಷ ಹಾಕಿತು. ರಾಬರ್ಟ್‌ಸನ್ ಎಂದು ಹೆಸರಿಟ್ಟುಕೊಂಡ ಬೆಲ್ಜಿಯಂ ಕಡೆಯವನೊಬ್ಬ 1798ರಲ್ಲಿ ದೆವ್ವದಾಟ ಶುರುಮಾಡಿ, ಮರುವರ್ಷ ಅದನ್ನು ಪಾಳುಬಿದ್ದ ಸನ್ಯಾಸಿ ಮಠಕ್ಕೆ ಸಾಗಿಸಿದ. ಕ್ರಾಂತಿಯಲ್ಲಿ ತಲೆಗಳು ಉರುಳಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ, ಸತ್ತವರ ನೆನಪು ಪ್ರತಿ ಮನೆಯಲ್ಲೂ ಹಸಿ. ಅವನು ಲಾಂದ್ರಕ್ಕೆ ಚಕ್ರ ಕಟ್ಟಿ ಪರದೆಯ ಹಿಂದೆ ಬಚ್ಚಿಟ್ಟ. ಗಾಜಿನಲ್ಲಿ ಚಿತ್ರದ ಸುತ್ತ ಪೂರ್ತಿ ಕಪ್ಪು ಬಳಿದ. ಲಾಂದ್ರ ಹಿಂದಕ್ಕೆ ಉರುಳಿದ ಹಾಗೆಲ್ಲ ಪರದೆಯ ಮೇಲಿನ ಆಕೃತಿ ದೊಡ್ಡದಾಗುತ್ತ, ನೋಡುವವರ ಮೈಮೇಲೇ ಬಂದಂತಾಗುತ್ತಿತ್ತು. ದುಡ್ಡು ಕೊಟ್ಟು ಹೆದರಿಕೊಳ್ಳುವ ಚಪಲ ಮನುಷ್ಯನಿಗೆ ಸಿನಿಮಾ ಬಂದ ಮೇಲೆ ಹುಟ್ಟಿದ್ದಲ್ಲ.

ಮುಂದೆ ಆಮ್ಲಜನಕ, ಜಲಜನಕದ ಜ್ವಾಲೆಯನ್ನು ಸುಣ್ಣದ ತುಂಡಿಗೆ ತಗುಲಿಸಿ ಪ್ರಖರವಾದ ಬೆಳಕು ಮಾಡುವುದನ್ನು ಕಲಿತರು. 'ಲೈಮ್‌ಲೈಟಿಗೆ ಬಂದರು' ಅಂತ ಈಗಲೂ ಹೇಳುತ್ತೇವಲ್ಲ, ಅದೇ ಬೆಳಕು. ಲಾಂದ್ರ ಬೀದಿ ಬಿಟ್ಟು ದೊಡ್ಡ ಹಾಲುಗಳಿಗೆ ಏರಿತು. ಇಂಗ್ಲೆಂಡಿನ ಹೋಮ್‌ಫರ್ತ್ ಎಂಬ ಊರಿನಲ್ಲಿ ಜೇಮ್ಸ್ ಬ್ಯಾಮ್‌ಫರ್ತ್ ಎಂಬಾತ ಕಥೆಗಳನ್ನು ಫೋಟೋ ತೆಗೆದೇ ಗಾಜಿಗೆ ಇಳಿಸಿ ಮಾರುತ್ತಿದ್ದ. ನಟರು ಯಾರು ಗೊತ್ತೇ? ಮನೆಯವರು, ಅಕ್ಕಪಕ್ಕದವರು! ಹಿಂದೆ ಬಣ್ಣದ ಪರದೆ ಇಳಿಬಿಟ್ಟು ಅವರನ್ನೇ ನಿಲ್ಲಿಸುತ್ತಿದ್ದ. ಕುಡುಕ ಅಪ್ಪ, ಕಾಯಿಲೆಯ ಮಗು, ಕಣ್ಣೀರಿನ ತಾಯಿ, ಇಂಥ ಕಥೆಗಳನ್ನು ಮದ್ಯಪಾನ ವಿರೋಧಿ ಸಂಘದವರು ಊರೂರಿಗೆ ತೋರಿಸಿದರು. ಇಂಥ ಗಾಜುಗಳಿಗೆ ಕುಂಚ ಹಿಡಿದು ಬಣ್ಣ ತುಂಬುವ ಕೆಲಸದಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಗಾಜಿನ ಅಂಚಿನಲ್ಲಿ ಕಂಪೆನಿಯ ಹೆಸರುಂಟು, ಅವರ ಹೆಸರಿಲ್ಲ.

ಜಪಾನಿನ ಇಣುಕುಪೆಟ್ಟಿಗೆಯ ಒಂದು ಮಾತು ಹೇಳಿ ನಮ್ಮ ದೇಶಕ್ಕೆ ಬರೋಣ. ಅಲ್ಲಿ ಪೆಟ್ಟಿಗೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಕೋಲಿನಿಂದ ತಾಳ ಕುಟ್ಟುತ್ತ ಕಥೆ ಹಾಡುವರು, ಹಗ್ಗ ಎಳೆದಾಗ ಚಿತ್ರ ಬದಲಾಗುವುದು. ಬಹಳ ಜನಪ್ರಿಯ ಕಥೆ ತರಕಾರಿ ಅಂಗಡಿಯವನ ಮಗಳು ಓಶಿಚಿಯದು. ಬೆಂಕಿ ಅನಾಹುತವಾದಾಗ ದೇವಸ್ಥಾನದಲ್ಲಿ ಆಶ್ರಯ ಪಡೆದವಳು ಅಲ್ಲಿನ ಹುಡುಗನಿಗೆ ಮನಸೋತಳು. ಮನೆಗೆ ಮರಳಿದ ಮೇಲೆ, ಮತ್ತೆ ಬೆಂಕಿ ಬಿದ್ದರೆ ಅವನನ್ನು ನೋಡಬಹುದಲ್ಲ ಎಂದು ತಾನೇ ಬೆಂಕಿ ಹಚ್ಚಿದಳಂತೆ. 1683ರಲ್ಲಿ ಅವಳಿಗೆ ಮರಣದಂಡನೆಯಾಯಿತು. ಇನ್ನೂರು ವರ್ಷ ಕಳೆದ ಮೇಲೂ ಜಾತ್ರೆಯ ತೂತಿನಲ್ಲಿ ಕಣ್ಣಿಟ್ಟು ಅವಳಿಗಾಗಿ ಅಳುವವರಿದ್ದರು.

ಕಲ್ಯಾಣದ ಪಟವರ್ಧನರು

ಬೆಳಕಿನಾಟ ನಮಗೇನು ಹೊಸದಲ್ಲ. ತೊಗಲುಗೊಂಬೆ ನೋಡಿದವರಿಗೆ ಗೊತ್ತು: ಹಿಂದೆ ದೀಪ, ಮುಂದೆ ಬಿಳಿ ಪರದೆ, ನಡುವೆ ಬಣ್ಣದ ತೊಗಲು. ಗೊಂಬೆರಾಮರ ಮೇಳದಲ್ಲಿ ಸೀತೆಗೂ ದ್ರೌಪದಿಗೂ ದನಿ ಕೊಡುವವರು ಆ ಮನೆಯ ಹೆಂಗಸರೇ. ಗಾಜು, ಮಸೂರ ಮಾತ್ರ ಹೊರಗಿನಿಂದ ಬಂದದ್ದು.

ಮುಂಬಯಿಯ ಹತ್ತಿರದ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನ ಎಂಬವರಿದ್ದರು. 1890ರ ದಶಕದಲ್ಲಿ ಅವರು ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡು ಮಾಯಾಲಾಂದ್ರದ ಆಟ ಕಟ್ಟಿದರು. ಅದಕ್ಕೆ ಇಟ್ಟ ಹೆಸರು 'ಶಾಂಬರಿಕ ಖರೋಲಿಕಾ'. ಹೆಸರು ಕೇಳಿ ಗಾಬರಿಯಾಗಬೇಡಿ. ಪ್ರದ್ಯುಮ್ನನನ್ನು ಕದ್ದೊಯ್ದ ಶಂಬರಾಸುರ ನೆನಪಿದ್ದಾನಲ್ಲ, ಆ ಮಾಯಾವಿಯ ಹೆಸರಿನಿಂದ ಬಂದದ್ದು. ರಾಮಾಯಣ, ಮಹಾಭಾರತದ ಸನ್ನಿವೇಶಗಳನ್ನು ಗಾಜಿನ ಮೇಲೆ ಕೈಯಿಂದಲೇ ಬರೆದರು. ಎಷ್ಟು ಪುಟ್ಟ ಗಾಜು, ಎಷ್ಟು ಸಣ್ಣ ಕುಂಚ! ಗಾಜಿನ ಮೇಲೆ ಕೂದಲೆಳೆಯಷ್ಟು ತಪ್ಪಿದರೂ ಪರದೆಯ ಮೇಲೆ ಗೇಣುದ್ದ ಕಾಣುತ್ತದೆ. ಒಂದೇ ಪಾತ್ರವನ್ನು ಬೇರೆ ಬೇರೆ ಭಂಗಿಯಲ್ಲಿ ಬರೆದು, ಒಂದಕ್ಕಿಂತ ಹೆಚ್ಚು ಲಾಂದ್ರ ಇಟ್ಟುಕೊಂಡು ಚಕಚಕನೆ ಬದಲಾಯಿಸಿದಾಗ ಪಾತ್ರ ಕೈ ಎತ್ತಿದಂತೆ, ನಡೆದಂತೆ ಕಾಣುತ್ತಿತ್ತು. ಜೊತೆಗೆ ಹಾಡು, ಸಂಭಾಷಣೆ. ಲ್ಯೂಮಿಯೇರ್ ಸೋದರರ ಚಲಿಸುವ ಚಿತ್ರ ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದದ್ದು 1896ರ ಜುಲೈ 7ರಂದು. ಅದಕ್ಕೂ ಮೊದಲೇ ಈ ಮನೆಯವರ ಪರದೆಯ ಮೇಲೆ ಪುರಾಣ ನಡೆದಾಡುತ್ತಿತ್ತು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಂದದ್ದು 1913ರಲ್ಲಿ. ಸಿನಿಮಾ ಬೆಳೆದಂತೆ ಲಾಂದ್ರದ ಆಟ ಕರಗಿತು. ಪಟವರ್ಧನರ ಗಾಜುಗಳು ಉಳಿದಿವೆ, ಬಣ್ಣ ಇನ್ನೂ ಮಾಸಿಲ್ಲ. ಆದರೆ ಆ ರಾತ್ರಿಗಳಲ್ಲಿ ಹಾಡಿದ ದನಿ?

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ. ವೆನಿಸ್ಸಿನ ಪೆಟ್ಟಿಗೆ, ಪ್ಯಾರಿಸ್ಸಿನ ಲಾಂದ್ರ, ಆಗ್ಸ್‌ಬರ್ಗಿನ ಚಿತ್ರ, ಎಲ್ಲವನ್ನೂ ಮ್ಯೂಸಿಯಮ್ಮುಗಳಲ್ಲಿ ಗಾಜಿನ ಕಪಾಟಿಗೆ ಸೇರಿಸಿದ್ದಾರೆ. ಹದಿನೈದಾಣೆ ತೂಕದ ಮಾತು ಮಾತ್ರ ಆಡಿದವರ ಜೊತೆಗೇ ಹೋಯಿತು. ಬರೆದಿಡುವಷ್ಟು ದೊಡ್ಡದೆಂದು ಯಾರಿಗೂ ಅನ್ನಿಸಲಿಲ್ಲ. ಅದಕ್ಕೇ ಮೊದಲಿಗೆ ಹೇಳಿದ್ದು, ಮನೆಯ ಹಿರಿಯರನ್ನು ಕೇಳಿ ಅಂತ. ಪೆಟ್ಟಿಗೆಯವನ ಧಾಟಿಯ ಎರಡು ಸಾಲಾದರೂ ಅವರ ಬಾಯಲ್ಲಿರುತ್ತದೆ. ಇದ್ದರೆ ಮೊಬೈಲಿನಲ್ಲಿ ಹಿಡಿದಿಡಿ, ಅದಕ್ಕಾದರೂ ಅದು ಪ್ರಯೋಜನಕ್ಕೆ ಬರಲಿ!

ನಮ್ಮ ಬಯಾಸ್ಕೋಪಿನವರು ಸಿನಿಮಾ ಬಂದ ಮೇಲೂ ಸುಲಭವಾಗಿ ಸೋಲಲಿಲ್ಲ. ಸಿನಿಮಾದವರು ಎಸೆದ ಪೋಸ್ಟರನ್ನೇ ಕತ್ತರಿಸಿ ಸುರುಳಿಗೆ ಅಂಟಿಸಿಕೊಂಡರು. 'ದುಶ್ಮನ್' ಹಿಂದಿ ಚಿತ್ರದಲ್ಲಿ ಮುಮ್ತಾಜ್ ಬಯಾಸ್ಕೋಪ್ ತೋರಿಸುವ ಹುಡುಗಿಯಾಗಿ ಬಂದದ್ದು ರೇಡಿಯೋ ಕೇಳುತ್ತಿದ್ದವರಿಗೆ ಹಾಡಿನ ಸಮೇತ ನೆನಪಿರಬೇಕು. ಕಲ್ಕತ್ತೆಯಲ್ಲಿ ಸಲೀಂ ಬಾಬಾ ಎಂಬವರು ತಂದೆಯಿಂದ ಬಂದ ಕೈತಿರುಗಿಸುವ ಪ್ರೊಜೆಕ್ಟರನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು, ಬಿಸಾಡಿದ ಫಿಲ್ಮಿನ ತುಂಡುಗಳನ್ನು ಜೋಡಿಸಿ ಬೀದಿಯ ಮಕ್ಕಳಿಗೆ ತೋರಿಸುತ್ತಿದ್ದರು. ಅವರ ಬಗ್ಗೆ 2007ರಲ್ಲಿ ಬಂದ ಕಿರುಚಿತ್ರ ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿನವರೆಗೂ ಹೋಗಿತ್ತು.

ನಿಮ್ಮ ಮನೆಯ ಇಣುಕುಪೆಟ್ಟಿಗೆ

ರಜೆಯಲ್ಲಿ ಮಕ್ಕಳು ತಲೆ ತಿನ್ನುತ್ತಿದ್ದರೆ ಇದನ್ನು ಮಾಡಿಸಿ. ಬೇಕಾದ್ದು ಬೂಟಿನ ಖಾಲಿ ಡಬ್ಬ, ಹಳೆಯ ಕ್ಯಾಲೆಂಡರಿನ ಒಂದು ಚಿತ್ರ, ಹಳದಿ ಗಾಳಿಪಟದ ಕಾಗದ, ಗೋಂದು, ದಪ್ಪ ಸೂಜಿ, ಟಾರ್ಚು. ಚಿತ್ರಕ್ಕೆ ಮೈಸೂರು ಅರಮನೆಯಷ್ಟು ಒಳ್ಳೆಯದು ಬೇರೆ ಇಲ್ಲ. ಹಗಲಿನಲ್ಲಿ ತೆಗೆದ ಫೋಟೋ ಆಗಿರಲಿ, ಡಬ್ಬದ ಅಗಲಕ್ಕೆ ಸರಿಹೊಂದಲಿ.

ಚಿತ್ರವನ್ನು ಮಡಿಸಿದ ಟವೆಲಿನ ಮೇಲೆ ಹರಡಿ ಕಮಾನು, ಗೋಪುರ, ಗುಮ್ಮಟದ ಗೆರೆಗಳ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ರಂಗೋಲಿಯ ಚುಕ್ಕಿ ಇಟ್ಟು ಅಭ್ಯಾಸವಿದ್ದವರ ಕೈ ತಾನಾಗಿ ಓಡುತ್ತದೆ. ಹಿಂಬದಿಗೆ ಹಳದಿ ಕಾಗದ ಅಂಟಿಸಿ. ಗೋಂದು ಅಂಚಿಗೆ ಮಾತ್ರ, ತೂತು ಮುಚ್ಚಬಾರದು. ಡಬ್ಬದ ಒಂದು ಕಿರುಬದಿಯ ನಡುವೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ. ಎದುರು ಬದಿಯನ್ನು ಚೌಕಟ್ಟು ಉಳಿಸಿ ಕತ್ತರಿಸಿ, ಆ ಚೌಕಟ್ಟಿಗೆ ಒಳಗಿನಿಂದ ಚಿತ್ರ ಅಂಟಿಸಿ. ಡಬ್ಬದ ಒಳಮೈಗೆ ಕಪ್ಪು ಕಾಗದ ಹಾಕಿದರೆ ಇನ್ನೂ ಚೆನ್ನ. ಮುಚ್ಚಳದಲ್ಲಿ ಚಿತ್ರದ ಕಡೆಗೆ ಮೂರು ಬೆರಳಗಲದ ಒಂದು ಬಾಗಿಲು ಕೊಯ್ಯಿರಿ, ಪೂರ್ತಿ ಬಿಡಿಸಬೇಡಿ, ತೆರೆದು ಮುಚ್ಚುವಂತಿರಲಿ. ಮುಚ್ಚಳ ಹಾಕಿಬಿಡಿ.

ಬಾಗಿಲು ತೆರೆದು ತೂತಿನಲ್ಲಿ ನೋಡಿದರೆ ಹಗಲಿನ ಅರಮನೆ. ಈಗ ಕೋಣೆಯ ದೀಪ ಆರಿಸಿ, ಬಾಗಿಲು ನಿಧಾನವಾಗಿ ಮುಚ್ಚುತ್ತ ಚಿತ್ರದ ಹಿಂದಿನಿಂದ ಟಾರ್ಚು ಹಿಡಿಯಿರಿ. ದಸರೆಯ ದೀಪಾಲಂಕಾರ! ಟಾರ್ಚನ್ನು ಒಂದು ಗೇಣು ದೂರ ಹಿಡಿದರೆ ಬೆಳಕು ಒಂದೇ ಸಮ ಹರಡುತ್ತದೆ. ಮೇಣದ ಬತ್ತಿ ಮಾತ್ರ ಬೇಡ, ಕಾಗದದ ಡಬ್ಬ, ಒಂದೇ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಇಣುಕುವವರು ಒಬ್ಬರು, ಟಾರ್ಚು ಹಿಡಿಯುವವರು ಒಬ್ಬರು, ಅಂಬಾರಿ ಬಂತು, ಆನೆ ಬಂತು ಅಂತ ಕಥೆ ಕೂಗುವುದಕ್ಕೆ ಇನ್ನೊಬ್ಬರು. ಆ ಕೆಲಸವನ್ನು ಅಜ್ಜಿಗೆ ಬಿಡಿ.